ಪಡಸಾಲೆಯಲ್ಲಿ ಗೊಬ್ಬರದ ಪರೀಕ್ಷೆ

ನನ್ನನ್ನು ನೋಡಲು ಬಂದವರ ಕಾರಿನ ಡಿಕ್ಕಿಯಲ್ಲಿ ಒಂದು ಚೀಲ ಡಿಎಪಿ ಗೊಬ್ಬರವೂ ಬಂದಿತ್ತು. ನವಿಲುತೀರ್ಥದ ಕಾಲುವೆ ನೀರಿನ ಹೊಲದವರು. ಬಿತ್ತುವ ದಿನಗಳು, ದಾರಿಯಲ್ಲೇ ಬೈಲಹೊಂಗಲದ ಪೇಟೆ, ಎರಡೂ ಕೆಲಸ ಒಂದೇ ಡೀಸೆಲ್ಲಿನಲ್ಲಿ ಮುಗಿಯಲಿ ಎಂದು ಹೊರಟವರು. ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಹುಡುಗನನ್ನು ನೋಡಿದೆ, ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಅದಕ್ಕೂ ಮೊದಲು ನಾಲ್ಕಾರು ಮಂದಿ ನಮ್ಮ ಸಂಪಗಾಂವದ ಮನೆಯಲ್ಲಿ ಅವಲಕ್ಕಿ ತಿಂದು ಹೋಗಿದ್ದರು. ಅವರು ಬೇಡವೆಂದಾಗ ನನಗೇನೂ ಅನಿಸಿರಲಿಲ್ಲ. ಇವನು ಮಾತ್ರ ಒಪ್ಪಲೇಬೇಕು ಎಂದು ಚಹಾದ ತಟ್ಟೆಯನ್ನು ಮೊದಲು ಅವನ ಮುಂದೆಯೇ ಹಿಡಿದೆ.

ಹುಡುಗನ ತಂದೆ ಅಡಿಗೆ, ಹಾಡು ಎಂದೇನೂ ಕೇಳಲಿಲ್ಲ. ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತೇನೆಂದು ತಿಳಿದದ್ದೇ ಅವರಿಗೆ ಡಿಕ್ಕಿಯ ಚೀಲ ನೆನಪಾಯಿತು. ಗುರುತಿಲ್ಲದ ಅಂಗಡಿಯಲ್ಲಿ ಕೊಂಡ ಮಾಲು.

"ತಂಗೀ, ಇದು ಅಸಲಿ ಐತೋ ನಕಲಿ ಐತೋ, ಹೇಳಾಕ ಬರತೈತೇನ್ ನಿನಗ?"

ಬರತೈತ್ರಿ ಎಂದುಬಿಟ್ಟೆ. ಅಪ್ಪ ಕಣ್ಣು ದೊಡ್ಡದು ಮಾಡಿದರು. ಚೀಲ ಪಡಸಾಲೆಗೆ ಬಂತು, ಮೂಲೆ ಬಿಚ್ಚಿದರು.

ಅಸಲಿ ಡಿಎಪಿಯಲ್ಲಿ ಅಮೋನಿಯಂ ಇರಲೇಬೇಕು. ಲ್ಯಾಬಿನಲ್ಲಾದರೆ ಏನು ಕಷ್ಟ? ಕಾಸ್ಟಿಕ್ ಸೋಡಾ ಹಾಕಿ ಬಿಸಿ ಮಾಡಿದರೆ ಅಮೋನಿಯಾ ಮೂಗಿಗೆ ಹೊಡೆಯುತ್ತದೆ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿದ ಗಾಜಿನ ಕಡ್ಡಿ ಹಿಡಿದರೆ ಬಿಳಿ ಹೊಗೆ, ನೆಸ್ಲರ್ ದ್ರಾವಣ ಬಿಟ್ಟರೆ ಕಂದು ಬಣ್ಣ. ಪಡಸಾಲೆಯಲ್ಲಿ ಇದ್ದದ್ದು ಎಲೆ-ಅಡಿಕೆ ತಟ್ಟೆ. ಅದರಲ್ಲಿ ಸುಣ್ಣವಿತ್ತು, ಸುಣ್ಣವೂ ಕ್ಷಾರವೇ. ಗೊಬ್ಬರದ ನಾಲ್ಕು ಕಾಳು ಜಜ್ಜಿ, ಅಂಗೈಯಲ್ಲಿ ಸುಣ್ಣದ ಜೊತೆ ತಂಬಾಕಿನಂತೆ ತಿಕ್ಕಿ ಹುಡುಗನ ತಂದೆಯ ಮೂಗಿನ ಮುಂದೆ ಹಿಡಿದೆ.

ವಾಸನೆಯೇ ಇಲ್ಲ. ಅವರು ಮತ್ತೊಮ್ಮೆ ಮೂಸಿದರು. ಅವರ ಮುಖ ಸಣ್ಣದಾಯಿತು, ನನ್ನದು ಇನ್ನೂ ಸಣ್ಣದಾಯಿತು. ಗೊಬ್ಬರ ನಕಲಿ ಎಂದರೆ ನನ್ನನ್ನು ನೋಡಲು ಬಂದ ಗಳಿಗೆಯೇ ಕೆಟ್ಟದ್ದು, ಅಸಲಿ ಎಂದರೆ ನನ್ನ ಓದೇ ನಕಲಿ. ಮುಗೀತು ಕತೆ ಅಂದುಕೊಂಡೆ.

ಆಗ ಹುಡುಗ ಎದ್ದು ಬಂದ. ತಂಬಿಗೆಯ ನೀರಲ್ಲಿ ಬೆರಳು ಅದ್ದಿ ನನ್ನ ಅಂಗೈಗೆ ಎರಡು ಹನಿ ಬಿಟ್ಟ.

"ಸುಣ್ಣ ಒಣಗೇತ್ರಿ. ಈಗ ತಿಕ್ಕರಿ," ಎಂದ ಮೆಲ್ಲಗೆ.

ನನ್ನ ಬುದ್ಧಿಗಷ್ಟು ಬೆಂಕಿ ಹಾಕ! ಒಣಗಿದ ಕ್ಷಾರ ಸುಲಭಕ್ಕೆ ಕೆಲಸ ಮಾಡದು ಎಂದು ಮಕ್ಕಳಿಗೆ ಕಲಿಸುವುದನ್ನೇ ಅವನ ರೆಪ್ಪೆ ನೋಡುತ್ತ ಮರೆತಿದ್ದೆ. ತಿಕ್ಕಿದೆ. ಘಾಟು ಎದ್ದಿತು ನೋಡಿ. ಅವನ ತಂದೆ ಹಿಂದಕ್ಕೆ ಜಿಗಿದರು, ಅಪ್ಪ ಕೆಮ್ಮಿದರು, ಒಳಗಿಂದ ಬಂದ ಅವ್ವ ಎಲ್ಲರ ಕಣ್ಣಲ್ಲೂ ನೀರು ಕಂಡು ಗಾಬರಿಯಾದಳು. ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಅಮೋನಿಯಂ ಇರುವುದಷ್ಟೇ ಖರೆ, ಉಳಿದದ್ದಕ್ಕೆ ಲ್ಯಾಬೇ ಬೇಕು ಎಂದು ನಾನು ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಸುಣ್ಣದ ವಿಷಯ ಇವನಿಗೆ ಹೇಗೆ ಗೊತ್ತು, ತಂಬಾಕು ತಿನ್ನುತ್ತಾನೋ ಏನೋ ಎಂದು ದಿಗಿಲಾಗಿ ಕೇಳಿಯೇಬಿಟ್ಟೆ. ಅಜ್ಜನಿಗೆ ತಿಕ್ಕಿ ಕೊಡುತ್ತಿದ್ದನಂತೆ.

ಆದರೆ ಹೊರಡುವಾಗ ಅವನ ತಂದೆ ಹಿಂದಿನವರೆಲ್ಲ ಹೇಳಿದ್ದನ್ನೇ ಹೇಳಿದರು, ಊರಿಗೆ ಹೋಗಿ ತಿಳಿಸುತ್ತೇವೆ ಎಂದು. ಅವನು ಆಗಲೇ ಸ್ಟೇರಿಂಗ್ ಮುಂದೆ ಕುಳಿತಿದ್ದ. ಚೀಲ ಡಿಕ್ಕಿಗೆ ಹಾಕು ಎಂದು ತಂದೆ ಕೂಗಿದರೂ ಇಳಿಯಲಿಲ್ಲ.

"ಇಲ್ಲೇ ಇರಲಿ ಬಿಡಪ್ಪಾ. ಮತ್ತ ಬರೂದ ಐತೆಲ್ಲಾ."

ತಂದೆ ಅವನನ್ನು ನೋಡಿದರು, ನನ್ನನ್ನು ನೋಡಿದರು, ನಗುತ್ತ ಕಾರಿನ ಬಾಗಿಲು ಹಾಕಿಕೊಂಡರು. ಬಿತ್ತುವ ಹೊತ್ತಿನಲ್ಲಿ ಗೊಬ್ಬರ ಬಿಟ್ಟುಹೋದವರು ಬಹಳ ದಿನ ತಡೆಯಲಾರರು. ಕಾರು ಓಣಿ ದಾಟುವ ಮೊದಲೇ ನಾನು ಆ ಚೀಲದ ಮೇಲೆ ಕುಳಿತುಬಿಟ್ಟೆ.