ಒಂಬತ್ತನೆಯ ಎಲೆ

ಜಿಗಣೆ ಹತ್ತದಂತೆ ಮೊಣಕಾಲುದ್ದದ ಕಾಲುಚೀಲ, ಅದರ ಮೇಲೆ ಸವರಲು ನಶ್ಯದ ಡಬ್ಬಿ, ಚಳಿಜ್ವರಕ್ಕೆ ಕ್ವಿನೈನ್ ಗುಳಿಗೆ, ಗೆರೆ ಹಾಕಿದ ಹನ್ನೆರಡು ನೋಟುಪುಸ್ತಕ. ಇಷ್ಟನ್ನೂ ಟ್ರಂಕಿನಲ್ಲಿ ತುಂಬಿಕೊಂಡು ಬೊಂಬಾಯಿ ಕಡೆಯ ಆ ವಿದ್ವಾಂಸರು ನಮ್ಮ ಮನೆಗೆ ಬಂದಿಳಿದಾಗ, ನಾಲ್ಕು ಜನರನ್ನು ಮಾತಾಡಿಸಲು ಇಷ್ಟೆಲ್ಲ ಸಿದ್ಧತೆ ಬೇಕೇ ಎಂದು ನನಗೆ ನಗು ಬಂದಿತ್ತು. ಕೊಡಗು ಆಗಿನ್ನೂ ತನ್ನದೇ ಸರ್ಕಾರವಿದ್ದ ಪುಟ್ಟ ರಾಜ್ಯ. ನಾನು ಭಾಗಮಂಡಲದ ಕಡೆಯ ಅರೆಭಾಷೆಯಾಡುವ ಗೌಡರ ಮನೆಯವನು, ಹೊಸದಾಗಿ ಶಾಲಾ ಮೇಷ್ಟ್ರಾದವನು. ಇಂಗ್ಲಿಷೂ ಬರುತ್ತದೆ, ಮನೆಮಾತೂ ಬರುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ಅವರ ದುಭಾಷಿಯಾದೆ.

ಬೇರೊಂದು ಜನರ ಬದುಕನ್ನು ಅರಿಯಲು ಹೊರಟವನು ಮೊದಲು ತಾನೇ ಪರೀಕ್ಷೆಗೆ ಕೂರಬೇಕಾಗುತ್ತದೆ ಎಂಬುದನ್ನು ಅವರ ಪುಸ್ತಕಗಳು ಹೇಳಿದ್ದವೋ ಇಲ್ಲವೋ, ನಮ್ಮೂರಂತೂ ಹೇಳಿಕೊಟ್ಟಿತು. ಅವರು ಒಂದು ಕೇಳಿದರೆ ನಮ್ಮವರು ಹತ್ತು ಕೇಳುತ್ತಿದ್ದರು. ಮದುವೆ ಯಾಕಾಗಿಲ್ಲ, ಅಮ್ಮ ಒಬ್ಬರೇ ಇದ್ದಾರೆಯೇ, ಹಂದಿ ಮಾಂಸ ತಿನ್ನದೆ ಮೈಯಲ್ಲಿ ಬಲ ಹೇಗೆ ನಿಂತಿದೆ! ಪಾಪ, ಎಲ್ಲಕ್ಕೂ ನಗುತ್ತ ಉತ್ತರ ಕೊಡುತ್ತಿದ್ದರು. ದುಭಾಷಿಯನ್ನು ಪೂರ್ತಿ ನೆಚ್ಚಬೇಡ ಎಂದು ಅವರ ಗುರುಗಳು ಹೇಳಿ ಕಳಿಸಿದ್ದರಂತೆ. ಹಾಗಾಗಿ ದಿನಕ್ಕೆ ಹತ್ತು ಮಾತು ಕಲಿಯುವ ವ್ರತ ಹಿಡಿದಿದ್ದರು. ಇನ್ನೊಂದು ವ್ರತ ನನ್ನ ತಲೆ ತಿನ್ನುತ್ತಿತ್ತು. ಯಾವುದೇ ಸಂಗತಿಯನ್ನು ಒಬ್ಬರಿಂದ ಕೇಳಿ ಬರೆದುಕೊಂಡರೆ, ಅದನ್ನೇ ಇನ್ನೊಬ್ಬರ ಬಳಿ ಕೇಳಿ ತಾಳೆ ನೋಡದೆ ಬಿಡುತ್ತಿರಲಿಲ್ಲ.

ಮನೆಯ ಯಜಮಾನರಾದ ನನ್ನ ದೊಡ್ಡಪ್ಪನನ್ನು ಕೂರಿಸಿಕೊಂಡು ಅವರು ನಮ್ಮ ವಂಶವೃಕ್ಷ ಬರೆದರು. ಗಂಡಿಗೆ ತ್ರಿಕೋನ, ಹೆಣ್ಣಿಗೆ ಸೊನ್ನೆ, ಸತ್ತವರ ಮೇಲೊಂದು ಅಡ್ಡಗೆರೆ. ನೆನಪಿನಲ್ಲಿದ್ದ ಸತ್ತ ಹಿರಿಯರು ಎಂಟು ಜನ. ದೊಡ್ಡಪ್ಪ ಒಬ್ಬೊಬ್ಬರ ಹೆಸರನ್ನೂ ತಡವರಿಸದೆ ಹೇಳಿದರು.

ಹಿರಿಯರಿಗೆ ಎಡೆ ಇಡುವ ದಿನ ಬಂತು. ನೆನಪಿರುವ ಪ್ರತಿಯೊಬ್ಬರಿಗೂ ಒಂದೊಂದು ಬಾಳೆಲೆ ಹಾಸಿ, ಅವರವರಿಗೆ ಇಷ್ಟವಾಗಿದ್ದುದನ್ನು ಬಡಿಸುವುದು ನಮ್ಮ ಮನೆಯ ಪದ್ಧತಿ. ಬಡಿಸುವುದು ದೊಡ್ಡಪ್ಪನ ಹೆಂಡತಿ, ನನ್ನ ದೊಡ್ಡವ್ವನ ಕೆಲಸ. ಹುಟ್ಟಿದಂದಿನಿಂದ ಆ ಸಾಲನ್ನು ನೋಡಿದವನು ನಾನು, ಒಂದು ಸಲವೂ ಎಣಿಸಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು. ವಿದ್ವಾಂಸರು ಎಣಿಸಿದರು. ಒಂಬತ್ತು ಎಲೆ ಇತ್ತು. ಪುಸ್ತಕದಲ್ಲಿ ಒಂಬತ್ತು ಎಂದು ಬರೆದುಕೊಂಡು, ಈ ಕೊನೆಯದು ಯಾರಿಗೆ ಎಂದು ಕೇಳು ಎಂದರು.

ಕೇಳಿದೆ. ದೊಡ್ಡವ್ವನ ಕೈಯಲ್ಲಿದ್ದ ಸೌಟು ನಿಂತಿತು. ಜಗಲಿಯಲ್ಲಿ ಕೂತಿದ್ದ ದೊಡ್ಡಪ್ಪನ ಕಡೆಗೊಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಂದು ಹೇಳಿದರು:

"ಇದ್ ನಿನ್ನ ಸಣ್ಣತ್ತೆಗೆ. ದೊಡ್ಡಪ್ಪಂಗೆ ಗೊತ್ತಾದರೆ ಬರೋ ವರ್ಷ ಈ ಎಲೆ ಹಾಕಕೆ ಬಿಡುದಿಲ್ಲೆ."

ನನಗೊಬ್ಬಳು ಸಣ್ಣತ್ತೆ ಇದ್ದಳೆಂಬುದೇ ನನಗೆ ಗೊತ್ತಿರಲಿಲ್ಲ. ದೊಡ್ಡಪ್ಪನ ಕಿರಿಯ ತಂಗಿಯಂತೆ. ಘಟ್ಟದ ಕೆಳಗಿನ, ಬೇರೆ ಜಾತಿಯ ಒಬ್ಬನ ಜೊತೆ ಹೊರಟುಹೋದಳಂತೆ. ಇನ್ನು ಈ ಮನೆಯಲ್ಲಿ ಅವಳ ಹೆಸರೆತ್ತಕೂಡದು ಎಂದು ದೊಡ್ಡಪ್ಪ ದೀಪ ಮುಟ್ಟಿ ಆಣೆಯಿಟ್ಟಿದ್ದರು. ಅವಳು ಸತ್ತಳೆಂಬ ಸುದ್ದಿ ಬಳೆಗಾರನೊಬ್ಬನಿಂದ ತಿಳಿದ ವರ್ಷದಿಂದ ದೊಡ್ಡವ್ವ ಸದ್ದಿಲ್ಲದೆ ಒಂದು ಎಲೆ ಹೆಚ್ಚು ಹಾಸುತ್ತ ಬಂದಿದ್ದರು.

ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಯಿತು ನನ್ನ ಸ್ಥಿತಿ. ವಿದ್ವಾಂಸರಿಗೆ ನಿಜ ಹೇಳಿದರೆ ತಾಳೆ ನೋಡಲು ನೆಟ್ಟಗೆ ಜಗಲಿಗೆ ಹೋಗುತ್ತಾರೆ, ದೊಡ್ಡವ್ವನ ಎಲೆ ಹೋಗುತ್ತದೆ. ಹೆಸರು ಮರೆತುಹೋದ ಹಿರಿಯರಿಗೆಲ್ಲ ಸೇರಿ ಒಂದೆಲೆಯಂತೆ ಎಂದು ಸುಳ್ಳು ಹೇಳಿದೆ. ಆ ಉಪಾಯಕ್ಕೆ ನಾನೇ ಬೆನ್ನು ತಟ್ಟಿಕೊಳ್ಳುವಷ್ಟರಲ್ಲಿ ಅವರು ಎದ್ದು ಜಗಲಿಗೆ ನಡೆದರು, ನನ್ನನ್ನು ಕರೆಯದೆ. ಸುಳ್ಳನ್ನೂ ತಾಳೆ ನೋಡುತ್ತಾರೆಂಬುದು ನನಗೆ ಹೊಳೆದೇ ಇರಲಿಲ್ಲ. ಹಿಂದೆಯೇ ಓಡಿದೆ.

ಅವರು ತಾವು ಕಲಿತ ಹರಕುಮುರುಕು ಅರೆಭಾಷೆಯಲ್ಲೇ ಕೇಳಿಬಿಟ್ಟಿದ್ದರು: ಹೆಸರು ಎಂಟು, ಎಲೆ ಒಂಬತ್ತು, ಯಾಕೆ?

ದೊಡ್ಡಪ್ಪ ದೊಡ್ಡವ್ವನಿದ್ದ ಒಳಬಾಗಿಲ ಕಡೆಗೊಮ್ಮೆ ನೋಡಿದರು. ದೊಡ್ಡವ್ವನನ್ನು ನೆನೆದು ನನಗೆ ಅಯ್ಯೋ ಎನಿಸಿತು. ಆಮೇಲೆ ದೊಡ್ಡಪ್ಪ ತಗ್ಗಿದ ದನಿಯಲ್ಲಿ ಹೇಳಿದರು:

"ನಂಗೂ ಎಣಿಸಕೆ ಗೊತ್ತುಟ್ಟು ಸ್ವಾಮಿ. ಅವ್ಳಿಗೆ ಮಾತ್ರ ಹೇಳ್ಬೇಡಿ."

ನಾನು ಅನುವಾದಿಸಲು ಬಾಯಿ ತೆರೆದೆ. ಅದರ ಅಗತ್ಯ ಬೀಳಲಿಲ್ಲ. ಒಂದಕ್ಷರ ತಪ್ಪಿದರೂ ಪುಟವನ್ನೇ ಮತ್ತೆ ಬರೆಯುತ್ತಿದ್ದ ಆ ಮನುಷ್ಯ, ಒಂಬತ್ತನ್ನು ಹೊಡೆದು ಎಂಟು ಎಂದು ತಿದ್ದಿ ಪುಸ್ತಕ ಮುಚ್ಚಿದರು. ಒಳಗಿನಿಂದ ದೊಡ್ಡವ್ವ, ಬಡಿಸಿ ಆಯಿತು, ಕೈ ಮುಗಿಯಲು ಬನ್ನಿ ಎಂದು ಕೂಗಿದರು. ದೊಡ್ಡಪ್ಪ ಎದ್ದು ಒಳಗೆ ಹೋಗಿ, ಸಾಲಿನ ಆ ಕೊನೆಯವರೆಗೂ ನಡೆದು, ಒಂಬತ್ತನೆಯ ಎಲೆಯ ಮುಂದೆ ಕಣ್ಣು ಮುಚ್ಚಿಕೊಂಡು ನಿಂತರು.