ಬಿಡು ಅನ್ನುವವರೆಗೆ

ಮೇಲಿನ ಟ್ಯಾಂಕು ತುಂಬಿ ಚೆಲ್ಲುವಾಗ ನೀರು ಮೊದಲು ಗೋಡೆಯನ್ನು ತಡವುತ್ತ ಇಳಿಯುತ್ತದೆ, ಸದ್ದೇ ಇರುವುದಿಲ್ಲ. ಆಮೇಲೆ ಎರಡನೇ ಮಹಡಿಯ ತಗಡಿನ ಮೇಲೆ ತಟತಟ ಎನ್ನುತ್ತದೆ. ಕೊನೆಗೆ ಅಂಗಳದ ಸಿಮೆಂಟಿಗೆ ಧೋ ಎಂದು ಸುರಿಯುತ್ತದೆ. ಬ್ಲಾಕಿನ ಜನ ಏಳುವುದಿಲ್ಲ. ಯಾರಾದರೂ ಹೋಗಿ ಮೋಟರ್ ಆರಿಸುತ್ತಾರೆ ಬಿಡು ಎಂದುಕೊಳ್ಳುತ್ತಾರೆ. ಆ ಯಾರಾದರೂ ಎಂಬವನು ಇಷ್ಟು ದಿನ ಹಗ್ಗದಣ್ಣನೇ ಆಗಿದ್ದ. ಅವನು ಹೋದ ಮೇಲೆ ಅವನ ಹೆಂಡತಿ.

ಕಾಯಿಲೆ ಹಾಸಿಗೆ ಹಿಡಿಸಿದ ಮೇಲೂ ಆ ಸದ್ದು ಕೇಳಿದರೆ ಅವನು ಮೊಣಕೈ ಊರಿ ಏಳಲು ನೋಡುತ್ತಿದ್ದ.

"ಯಾರೋ ಬಿದ್ರು ಕಣೇ."

"ಯಾರೂ ಬಿದ್ದಿಲ್ಲ. ಟ್ಯಾಂಕು ಅದು."

"ಟ್ಯಾಂಕಿಗೆ ಬಿದ್ರಾ?"

ನಗಿಸಲು ಕೇಳುತ್ತಿದ್ದನೋ, ನಿಜವಾಗಿ ಕೇಳುತ್ತಿದ್ದನೋ, ಅವಳಿಗೆ ಕೊನೆಗೂ ತಿಳಿಯಲಿಲ್ಲ.

ಅವನ ಜನ ಊರಿಗಿಂತ ಹಳಬರು. ಹೊಳೆಗೆ ಸೇತುವೆ ಬರುವ ಮೊದಲು, ದಿಬ್ಬದ ಮೇಲೆ ಪೇಟೆ ಏಳುವ ಮೊದಲು ಆ ದಂಡೆಯಲ್ಲಿ ಇದ್ದವರು. ಸರ್ಕಾರ ಅವರನ್ನು ಮೂಲನಿವಾಸಿಗಳು ಎಂದು ಬರೆದುಕೊಂಡಿತ್ತು. ಊರಿನವರು ದಂಡೆಯವರು ಅನ್ನುತ್ತಿದ್ದರು, ಗೋಡೆಯನ್ನು ಗೋಡೆ ಅನ್ನುವ ಹಾಗೆ.

ಹಗಲು ಅವನಿಗೆ ಮಾರುಕಟ್ಟೆಯಲ್ಲಿ ಲಾರಿಗಳ ಹೊರೆಗೆ ಹಗ್ಗ ಬಿಗಿಯುವ ಕೆಲಸ. ಅವನು ಗಂಟು ಹಾಕಿದ್ದಾನೆಂದರೆ ಡ್ರೈವರ್ ದಾರಿಯಲ್ಲಿ ಇಳಿದು ಹಿಂದೆ ನೋಡುವ ಗೋಜಿಗೆ ಹೋಗುತ್ತಿರಲಿಲ್ಲ. ಬೆಳಗ್ಗೆ ಅದೇ ಕೈ ಇಬ್ಬರು ಹೆಣ್ಣುಮಕ್ಕಳಿಗೆ ಜಡೆ ಹಾಕುತ್ತಿತ್ತು.

"ಅಪ್ಪಾ, ಕಣ್ಣೇ ಮುಚ್ಚೋಕಾಗ್ತಿಲ್ಲ, ಅಷ್ಟು ಬಿಗಿ!" ಎಂದು ಚಿಕ್ಕವಳು ಅಳುಮೋರೆ ಮಾಡಿದರೆ, "ಒಳ್ಳೇದೇ ಆಯ್ತು, ಕ್ಲಾಸಲ್ಲಿ ನಿದ್ದೆ ಬರಲ್ಲ" ಅನ್ನುತ್ತಿದ್ದ. ಇಬ್ಬರೂ ಮದುವೆಯಾಗಿ ದೂರ ಹೋದ ಮೇಲೂ, ಮನೆಗೆ ಬಂದಾಗ ಬಾಚಣಿಗೆ ಹಿಡಿದು ಅವನ ಮುಂದೆ ಬೆನ್ನು ಮಾಡಿ ಕೂರುತ್ತಿದ್ದರು.

ಊರು ಅವನನ್ನು ಬಲ್ಲದ್ದು ಇನ್ನೊಂದು ಹಗ್ಗದಿಂದ. ಅದು ಬಾಗಿಲ ಹಿಂದಿನ ಗೂಟದಲ್ಲಿ ಸುರುಳಿಯಾಗಿ ತೂಗುತ್ತಿತ್ತು. ಹೊಳೆಯಲ್ಲಿ ಯಾರಾದರೂ ಮುಳುಗಿದರೆ ಜನ ಮೊದಲು ಓಡಿಬರುತ್ತಿದ್ದದ್ದು ಅವನ ಮನೆಗೆ, ಎಷ್ಟೋ ಸಲ ಅಗ್ನಿಶಾಮಕದವರು ಕೂಡ. ಊಟದ ತಟ್ಟೆ ಬಿಟ್ಟು ಎದ್ದಿದ್ದಾನೆ, ಮಗಳ ಮದುವೆಯ ಹಿಂದಿನ ದಿನ ಎದ್ದಿದ್ದಾನೆ. ಬದುಕಿ ಬಂದವನು ದಂಡೆಯಲ್ಲಿ ಕೆಮ್ಮುತ್ತ ಬಿದ್ದಿದ್ದರೆ ಬೆನ್ನು ನೀವಿ, "ನೀರು ಕುಡಿಯೋಕೆ ಮನೇಲಿ ಲೋಟ ಇರ್ಲಿಲ್ವೇನಯ್ಯಾ?" ಎಂದು ಗದರುತ್ತಿದ್ದ. ಬದುಕಿ ಬಾರದವರನ್ನು ಮಾತಿಲ್ಲದೆ ಎತ್ತಿ ತಂದು, ತನ್ನ ಅಂಗಿ ಹೊದಿಸಿ, ಅವರ ಮನೆಯವರು ಬರುವ ತನಕ ಪಕ್ಕದಲ್ಲಿ ಕೂತಿರುತ್ತಿದ್ದ. ಅವನ ಅಂಗಿಗಳು ಬೇಗ ಮುಗಿಯುತ್ತಿದ್ದವು. ಅವಳು ಒಮ್ಮೆಯೂ ಯಾಕೆಂದು ಕೇಳಲಿಲ್ಲ.

ಆ ಹಗ್ಗಕ್ಕೆ ಒಂದು ಕಟ್ಟುಪಾಡು ಇತ್ತು. ಒಬ್ಬ ನೀರಿಗೆ ಇಳಿದರೆ ಇನ್ನೊಬ್ಬ ದಂಡೆಯ ಮೇಲೆ ತುದಿ ಹಿಡಿಯಬೇಕು. ಹಿಡಿದವನು "ಹಿಡಿದಿದ್ದೀನಿ" ಎಂದು ಕೂಗಿ ಹೇಳಬೇಕು. ಕೂಗಿದನೋ, ಮುಗಿಯಿತು. ನೀರಿನಲ್ಲಿರುವವನು "ಬಿಡು" ಅನ್ನುವವರೆಗೆ, ಅಂಗೈ ಕಿತ್ತು ಬಂದರೂ ಬಿಡುವಂತಿಲ್ಲ. ಅದಕ್ಕೇ ಹಗ್ಗ ಕೈಯಲ್ಲಿರುವಾಗ ದಂಡೆಯವರು ಹುಡುಗಾಟದ ಮಾತೂ ಆಡುತ್ತಿರಲಿಲ್ಲ. ಆಗ ಆಡಿದ್ದು ಆಡಿದ್ದೇ. ಅವನು ಅವಳನ್ನು ಮದುವೆಗೆ ಕೇಳಿದ್ದೂ ಹಾಗೆಯೇ. ಹಗ್ಗ ಒಣಹಾಕುವಾಗ ಒಂದು ತುದಿ ಅವಳತ್ತ ಚಾಚಿ, "ಹಿಡ್ಕೋತೀಯಾ?" ಅಂದಿದ್ದ.

"ಭಾರ ಇದೆ" ಅಂದಿದ್ದಳು ಅವಳು.

"ಒದ್ದೆ ಇದೆ, ಅದಕ್ಕೆ. ಒಣಗಿದ್ರೆ ಹಗುರ ಆಗುತ್ತೆ."

ಒಂದು ಸಂಜೆ ಪುರಸಭೆಯ ಮೆಂಬರ ಪುಟ್ಟ ಮಗಳು ಹೊಳೆಯ ಮೆಟ್ಟಿಲಿನಿಂದ ಜಾರಿ ಸೆಳವಿಗೆ ಸಿಕ್ಕಳು. ಹಗ್ಗದಣ್ಣ ಓಡಿಬಂದಾಗ ದಂಡೆಯಲ್ಲಿ ಬೇರೆ ಗಂಡಾಳು ಇರಲಿಲ್ಲ. ತುದಿಯನ್ನು ಮೆಂಬರ ಕೈಗೇ ತುರುಕಿ, "ಹಿಡ್ಕೊಳ್ಳಿ. ನಾನು ಬಿಡು ಅನ್ನೋವರೆಗೂ ಬಿಡಬೇಡಿ" ಎಂದು ನೀರಿಗೆ ಹಾರಿದ. ಮೆಂಬರ್ ಬಿಡಲಿಲ್ಲ, ಆ ಮಾತು ಒಪ್ಪಬೇಕು. ಹುಡುಗಿ ಬದುಕಿ ಬಂದಳು. ಮೆಂಬರ ಎರಡೂ ಅಂಗೈ ಸುಲಿದಿದ್ದವು, ಹಗ್ಗ ಇನ್ನೂ ಮುಷ್ಟಿಯಲ್ಲೇ ಇತ್ತು.

ಆಗ ಊರಲ್ಲಿ ದಂಡೆಯ ಮನೆಗಳನ್ನು ತೆಗೆದು ಪಾರ್ಕು ಮಾಡುವ ಸುದ್ದಿ ಎದ್ದಿತ್ತು. ದಂಡೆಯವರು ಒಬ್ಬ ವಕೀಲರನ್ನು ಹಿಡಿದು ಕೋರ್ಟಿಗೆ ಹೋಗಲು ತಯಾರಾಗಿದ್ದರು. ಹಗ್ಗ ಹಿಡಿದುಕೊಂಡೇ ಮೆಂಬರ್ ಅಳುತ್ತ ಹೇಳಿದರು: "ಅಣ್ಣಾ, ನಿಮ್ಮ ಮನೆಗಳ ಒಂದು ಇಟ್ಟಿಗೆ ಅಲುಗೋಕೆ ನಾನು ಬಿಡಲ್ಲ. ನಾನಿರೋವರೆಗೂ ಇಲ್ಲ."

ಹಗ್ಗದಣ್ಣ ಒದ್ದೆ ಬಟ್ಟೆಯಲ್ಲೇ ಮನೆಮನೆಗೂ ಹೋದ. ಕೋರ್ಟು ಬೇಡ, ವಕೀಲರು ಬೇಡ, ಮಾತು ಸಿಕ್ಕಿದೆ ಅಂದ. ಅವನ ಅಕ್ಕ, ಎಲ್ಲರಿಗೂ ದೊಡ್ಡಕ್ಕ, ಒಪ್ಪಲಿಲ್ಲ.

"ಬಾಯಿಮಾತು ಕಣೋ ತಮ್ಮಾ."

"ಅಕ್ಕಾ, ಹಗ್ಗ ಕೈಯಲ್ಲಿತ್ತು."

"ಅವನು ನಮ್ಮವನಲ್ಲ."

"ಹಗ್ಗ ನಮ್ದಲ್ವಾ?"

ದೊಡ್ಡಕ್ಕ ಸುಮ್ಮನಾದಳು. ಅವಳು ಸುಮ್ಮನಾದ ಮೇಲೆ ಎಲ್ಲರೂ ಸುಮ್ಮನಾದರು. ಕೋರ್ಟಿಗೆ ಹೋಗಬಹುದಾಗಿದ್ದ ಕಾಲ ಹಾಗೆಯೇ ಕಳೆದುಹೋಯಿತು.

ಮಾರನೆಯ ವರ್ಷ ಬುಲ್ಡೋಜರ್ ಬಂತು. ಅವನು ಮನೆಯ ಮುಂದೆ ನಿಂತು ಮೆಂಬರಿಗೆ ಫೋನ್ ಮಾಡುತ್ತಲೇ ಇದ್ದ. ಅದು ರಿಂಗಾಗಿ ರಿಂಗಾಗಿ, ಆಮೇಲೆ ರಿಂಗೂ ಆಗಲಿಲ್ಲ. ಅವನ ಅಡುಗೆಮನೆಯ ಗೋಡೆ ಬೀಳುವಾಗಲೂ ಅವನು ಫೋನನ್ನು ಕಿವಿಯಿಂದ ತೆಗೆದಿರಲಿಲ್ಲ. ಅವಳು ಒಳಗೆ ನುಗ್ಗಿ ಗೂಟದಿಂದ ಹಗ್ಗವನ್ನು ಎಳೆದುಕೊಂಡು ಬಂದಳು. ಬೇರೇನು ತರಬೇಕೆಂದು ಹೊಳೆಯಲಿಲ್ಲ. ಹೊಳೆಯಿಂದ ದೂರ, ಈ ಮೂರು ಮಹಡಿಯ ಬ್ಲಾಕಿನಲ್ಲಿ ದಂಡೆಯವರಿಗೆಲ್ಲ ಮನೆ ಸಿಕ್ಕಿತು. ಆಮೇಲೊಂದು ದಿನ ಮೆಂಬರ್ ಮಾರುಕಟ್ಟೆಯಲ್ಲಿ ಎದುರಾಗಿ, ಮೇಲಿನವರ ಆದೇಶ ಅಣ್ಣಾ, ನನ್ನ ಕೈಯಲ್ಲಿ ಏನಿತ್ತು ಹೇಳಿ ಅಂದರಂತೆ. ಮನೆಗೆ ಬಂದು ಅವನು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತ.

"ಕೈಯಲ್ಲಿ ಏನಿತ್ತು ಅಂತ ಕೇಳ್ತಾನೆ. ಹಗ್ಗ ಇತ್ತಲ್ವೇನೇ?"

ಮೆಂಬರ್ ಕೈಕೊಟ್ಟದ್ದು ಒಂದು ಏಟು. ಸ್ವಂತ ಜನ ಕೊಟ್ಟದ್ದು ಮೆಲ್ಲಗೆ ಇಳಿಯುವ ಏಟು. ಅಂಥ ಮಾತೇ ಆಗಿರಲಿಲ್ಲ, ಹಗ್ಗದಣ್ಣನೇ ಹುಟ್ಟಿಸಿ ಹೇಳಿದ, ಅವನಿಗೂ ಮೆಂಬರಿಗೂ ಒಳಗೊಳಗೇ ಏನೋ ಇತ್ತು ಎಂಬ ಗುಸುಗುಸು ಮೆಟ್ಟಿಲ ಮೇಲೆ ಹತ್ತಿ ಇಳಿಯಿತು. ಅವನು ಮಾತ್ರ ಎಂದಿನಂತೆ ಮುದುಕರ ನೀರಿನ ಕೊಡ ಮೇಲೆ ಹೊತ್ತು ಕೊಟ್ಟ, ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ದ, ಮೋಟರ್ ಆರಿಸಿದ. ಜನ ಕೊಡ ಇಸಿದುಕೊಂಡರು, ಕೂರು ಅನ್ನಲಿಲ್ಲ. ಎದುರು ಬಾಗಿಲಿನ ದೊಡ್ಡಕ್ಕ ತಮ್ಮನೊಂದಿಗೆ ಮಾತು ಬಿಟ್ಟಳು. ಅವನು ಹೋದ ದಿನ ಊರೇ ಬಂತು, ಬದುಕಿ ಬಂದವರೆಲ್ಲ ಹೆಂಡತಿ ಮಕ್ಕಳ ಸಮೇತ ಬಂದರು. ದೊಡ್ಡಕ್ಕ ತನ್ನ ಹೊಸಿಲಿನಲ್ಲೇ ನಿಂತು ನೋಡಿದಳು.

ಈ ಮಧ್ಯಾಹ್ನ ಹಗ್ಗದಣ್ಣನ ಹೆಂಡತಿ ಮೋಟರ್ ಹಾಕಿ ಬಂದು ಬಾಗಿಲ ಹೊರಗೆ ಕೂತಿದ್ದಳು. ಏದುಸಿರು ಬಿಡುತ್ತ ಮೆಂಬರ್ ಮೆಟ್ಟಿಲು ಹತ್ತಿ ಬಂದರು.

"ಅತ್ತಿಗೇ, ಈ ಮೆಟ್ಟಿಲು ಹತ್ತೋ ಹೊತ್ತಿಗೆ ಹೊಳೆನೇ ಈಜಿಬಿಡಬಹುದು."

"ನಿಮಗೆ ಈಜು ಬರಲ್ವಲ್ಲ" ಅಂದಳು ಅವಳು, ಕುರ್ಚಿ ಸರಿಸುತ್ತ. ಮೆಂಬರ್ ನಕ್ಕರು, ಕೂರಲಿಲ್ಲ.

ಪಾರ್ಕಿನ ಬಾಗಿಲಿಗೆ ಅಣ್ಣನ ಹೆಸರಿಡುತ್ತಾರಂತೆ. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಅಣ್ಣನ ಹಗ್ಗ. ಅತ್ತಿಗೆ ವೇದಿಕೆಗೆ ಬಂದು ತಮ್ಮ ಕೈಯಾರೆ ಕೊಡಬೇಕು. ಇಡೀ ಊರು ಸೇರುತ್ತದೆ.

"ಹೆಸರು ಎಲ್ಲಿ ಹಾಕ್ತೀರಿ?"

"ಮುಂಬಾಗಿಲಲ್ಲೇ. ಎಲ್ರಿಗೂ ಕಾಣೋ ಹಾಗೆ."

"ಅಂದ್ರೆ ನಮ್ಮ ಅಡುಗೆಮನೆ ಇದ್ದ ಕಡೆ."

ಮೆಂಬರ್ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು.

"ಹಗ್ಗ ಕೊಡ್ತೀನಿ" ಅಂದಳು ಅವಳು. "ವೇದಿಕೆಗೂ ಬರ್ತೀನಿ. ನೀವು ಒಂದು ತುದಿ ಹಿಡ್ಕೊಂಡು, ಅವತ್ತು ನಮ್ಮನೆಯವರಿಗೆ ಕೊಟ್ಟ ಮಾತನ್ನ ಊರವರ ಮುಂದೆ ಹೇಳ್ಬೇಕು. ಅಷ್ಟೇ. ಅವರು ಸುಳ್ಳು ಹೇಳಿ ನಮ್ಮ ಜನಾನ ಕೋರ್ಟಿಗೆ ಹೋಗದ ಹಾಗೆ ಕೂರಿಸಲಿಲ್ಲ ಅಂತ ಗೊತ್ತಾಗ್ಬೇಕು."

"ಅಯ್ಯೋ, ಈಗ್ಯಾಕೆ ಅದೆಲ್ಲ, ಅತ್ತಿಗೆ? ಮಗಳು ಉಳಿದ ಖುಷಿಯಲ್ಲಿ ಏನೋ ಅಂದಿದ್ದೆ. ಅಣ್ಣ ಅದನ್ನೇ ಗಟ್ಟಿಯಾಗಿ ಹಿಡ್ಕೊಂಡುಬಿಟ್ರು, ಪಾಪ."

ಎದುರು ಬಾಗಿಲು ಅರ್ಧ ತೆರೆದಿತ್ತು. ದೊಡ್ಡಕ್ಕ ಒರೆಸುತ್ತಿದ್ದ ಪಾತ್ರೆಯನ್ನು ಹಿಡಿದುಕೊಂಡೇ ಹೊಸಿಲು ದಾಟಿ ಬಂದಳು.

"ಅಂದಿದ್ಯಾ?"

ಮೆಂಬರನ್ನು ಹಾಗೆ ನೀನು ಎಂದು ಕೇಳಿದವರು ಯಾರೂ ಇರಲಿಲ್ಲ.

"ದೊಡ್ಡಕ್ಕಾ, ಅದು ಹಾಗಲ್ಲ..."

"ನನ್ನ ತಮ್ಮನಿಗೆ ನೀನು ಆ ಮಾತು ಅಂದಿದ್ಯಾ?"

ಮೆಂಬರ್ ನೆಲ ನೋಡಿದರು. ದೊಡ್ಡಕ್ಕ ಅವರನ್ನು ಬಿಟ್ಟು, ಅವರ ಹಿಂದಿದ್ದ ಬಾಗಿಲನ್ನು ನೋಡಿದಳು. ಆ ಬಾಗಿಲಾಚೆ ತಮ್ಮ ಮಲಗಿದ್ದಷ್ಟು ಕಾಲ ಅವಳು ಒಂದು ಸಲವೂ ಒಳಗೆ ಹೋಗಿರಲಿಲ್ಲ. ಪಾತ್ರೆಯನ್ನು ಮತ್ತೆ ಒರೆಸತೊಡಗಿದಳು, ಒಣಗಿದ ಪಾತ್ರೆಯನ್ನೇ.

ಹಗ್ಗದಣ್ಣನ ಹೆಂಡತಿ ಒಳಗೆ ಹೋಗಿ ಹಗ್ಗ ತಂದಳು. ಸುರುಳಿಯನ್ನು ಅವನು ಹಾಕಿಕೊಳ್ಳುತ್ತಿದ್ದ ಹಾಗೆ ಹೆಗಲಿಗೆ ಹಾಕಿಕೊಂಡಳು. ಒಂದು ತುದಿಯನ್ನು ಮೆಂಬರ ಕೈಯಲ್ಲಿಟ್ಟಳು. ಅವರು ಹಿಡಿದರು. ಹಿಡಿಯದೆ ಇರಲು ಆ ಗಳಿಗೆಯಲ್ಲಿ ಆಗುತ್ತಿರಲಿಲ್ಲ.

ಅಷ್ಟರಲ್ಲಿ ಎರಡನೇ ಮಹಡಿಯ ತಗಡು ತಟತಟ ಎಂದಿತು. ಯಾರ ಬಾಗಿಲೂ ತೆರೆಯಲಿಲ್ಲ. ಅವಳು ಮೆಟ್ಟಿಲ ಕಡೆ ತಿರುಗಿದಳು. ಹೆಗಲ ಸುರುಳಿಯಿಂದ ಹಗ್ಗ ಮೆಲ್ಲಗೆ ಬಿಚ್ಚಿಕೊಳ್ಳುತ್ತ ಅವಳ ಹಿಂದೆ ಇಳಿಯತೊಡಗಿತು.

"ಅತ್ತಿಗೆ, ಎಲ್ಲಿಗೆ? ಇದನ್ನ ಏನು ಮಾಡ್ಲಿ?"

"ಹಿಡ್ಕೊಂಡಿರಿ" ಅಂದಳು ಅವಳು ಇಳಿಯುತ್ತಲೇ, ಹಿಂತಿರುಗಿ ನೋಡದೆ. "ಮೋಟರ್ ಆರಿಸಬೇಕು. ನಾನು ಬಿಡಿ ಅನ್ನೋವರೆಗೂ ನೀವು..."