ಗಿರಣಿಯ ದೆವ್ವದ ವಿಷಯವಾಗಿ

ಕೊಹೀರಿಗೆ ಮೊದಲ ಇಂಜಿನ್ ಗಿರಣಿ ಬಂದ ಕಾಲದ ಸಂಗತಿಯೊಂದನ್ನು, ನನ್ನ ಅರಿವಿಗೆ ಬಂದ ಮಟ್ಟಿಗೆ, ಇಲ್ಲಿ ನಿವೇದಿಸುತ್ತಿದ್ದೇನೆ. ಬರೆದು ರೂಢಿಯಿಲ್ಲದ ಕಾರಣ ಕ್ರಮ ತಪ್ಪಿದ್ದಲ್ಲಿ ಓದುವವರು ಮನ್ನಿಸಬೇಕು. ಆಗ ನಿಜಾಮರ ಆಳ್ವಿಕೆ. ತಾಂಡೂರಿಗೆ ಕೊಟ್ಟ ಮಗಳಾದ ನಾನು ಚೊಚ್ಚಲ ಹೆರಿಗೆಗೆಂದು ತವರಾದ ಕೊಹೀರಿಗೆ ಬಂದಿದ್ದೆನು.

ನನ್ನ ತಾಯಿ ವಿಧವೆ. ನೆರೆಹೊರೆಯವರ ಜೋಳ ಬೀಸಿಕೊಟ್ಟು, ಅದಕ್ಕೆ ಸಿಕ್ಕ ಕಾಳಿನಲ್ಲಿ ಜೀವನ ಸಾಗಿಸುತ್ತಿದ್ದಳು. ಬಲಭುಜ ಸೋತು, ಜಡೆ ಹಾಕಿಕೊಳ್ಳಲೂ ಕೈ ಎತ್ತಲಾಗುತ್ತಿರಲಿಲ್ಲ. ಗಿರಣಿ ಬಂದ ಮೇಲೂ ಜೋಳದ ಬುಟ್ಟಿಗಳು ನಮ್ಮ ಬಾಗಿಲಿಗೇ ಬಂದವು. ಇಂಜಿನಿನೊಳಗೆ ದೆವ್ವವಿದ್ದು ಕಾಳಿನ ಸತ್ವ ತಿನ್ನುತ್ತದೆ ಎಂಬುದು ಸದರಿ ಮನೆಗಳವರು ಕೊಡುತ್ತಿದ್ದ ಕಾರಣ. ತಹಶೀಲಿನಿಂದ ಬಂದ ಸಾಹೇಬರೊಬ್ಬರು ಇದನ್ನು ಕೇಳಿ, ಈ ಜನ ಯಂತ್ರವನ್ನು ಜಾದೂ ಎಂದು ತಿಳಿದಿದ್ದಾರೆಂದು ನಕ್ಕರಂತೆ. ತಾಂಡೂರಿನಲ್ಲಿ ದಿನವೂ ರೈಲು ಕಾಣುವವಳೆಂಬ ಹೆಮ್ಮೆಯಲ್ಲಿ ನಾನೂ ನಕ್ಕೆನು.

ಆದರೆ ನಾವು ದೊಡ್ಡವ್ವ ಎನ್ನುತ್ತಿದ್ದ ಪಕ್ಕದ ಮನೆಯ ಹಿರಿಯಳ ಗಂಡನೇ ಆ ಇಂಜಿನಿಗೆ ಜಹೀರಾಬಾದಿನಿಂದ ಬಂಡಿಯಲ್ಲಿ ಎಣ್ಣೆ ತರುತ್ತಿದ್ದನು. ಎಣ್ಣೆ ತೀರಿದರೆ ಗಿರಣಿ ನಿಲ್ಲುವುದು ಓಣಿಗೆಲ್ಲ ತಿಳಿದಿತ್ತು. ದೆವ್ವವನ್ನು ಯಾರೂ ನಂಬಿರಲಿಲ್ಲ. ಕನಿಕರದಿಂದ ಕೊಟ್ಟರೆ ತಾಯಿ ಕಾಳು ಮುಟ್ಟುವುದಿಲ್ಲವಾದ್ದರಿಂದ ದೆವ್ವವನ್ನು ಮುಂದೆ ಮಾಡಿದ್ದರು. ಇದು ತಾಯಿಗೂ ಗೊತ್ತಿತ್ತು. ಅವರು ಉಳಿಸಿದ ಮರ್ಯಾದೆಯನ್ನು ತಾನು ಕೆಡಿಸಬಾರದೆಂದು ನೋಯುವ ಭುಜದಿಂದಲೇ ಬೀಸುತ್ತಿದ್ದಳು.

ಒಂದು ಮಧ್ಯಾಹ್ನ ದೊಡ್ಡವ್ವ ಬುಟ್ಟಿ ಇಳಿಸಿ, ಎಂದಿನಂತೆ ದೆವ್ವದ ಮಾತು ತೆಗೆದಳು. ತಾಯಿ ಬೀಸುವ ಕಲ್ಲಿನ ಗೂಟ ಹಿಡಿದಳು. ಕಲ್ಲು ತಿರುಗಲಿಲ್ಲ.

“ಆ ದೆವ್ವನ್ನ ಇನ್ನಾ ಎಷ್ಟು ದಿನ ದುಡಿಸ್ತೀರಿ, ಅಕ್ಕಾ?” ಎಂದಳು ತಾಯಿ. “ಅದೂ ದಣದದ, ನಾನೂ ದಣದೀನಿ. ಗಿರಣಿಗೇ ಒಯ್ರಿ.”

ದೊಡ್ಡವ್ವ ಬುಟ್ಟಿಯ ಪಕ್ಕ ಕುಳಿತು ಕೇಳಿದಳು:

“ಮತ್ತ ನೀ ಏನ್ ಉಣ್ತಿ?”

“ರಟ್ಟಿ ಹೋದರೂ ತಲಿ ಗಟ್ಟಿ ಅದ. ನಾನೇ ಹೊತ್ಕೊಂಡ್ ಹೋಗಿ ಬೀಸಿಸ್ಕೊಂಡ್ ಬರ್ತೀನಿ, ಹೊತ್ತ ಕೂಲಿಗಿ ಕಾಳು ಕೊಡ್ರಿ. ದೆವ್ವದ ಅಂಜಿಕಿ ನಿಮಗದ, ನನಗೇನಿಲ್ಲ.”

ದೊಡ್ಡವ್ವ ಬುಟ್ಟಿಯನ್ನು ತಾನೇ ಎತ್ತಿ ತಾಯಿಯ ತಲೆಯ ಮೇಲಿಟ್ಟಳು.

ಸಂಜೆಯಾದರೂ ತಾಯಿ ಬಾರದಿರಲಾಗಿ, ನಾನು ನಿಧಾನವಾಗಿ ನಡೆದು ಗಿರಣಿಗೆ ಹೋದೆನು. ಇಂಜಿನ್ ನೆಲ ನಡುಗುವಂತೆ ಬಡಿದುಕೊಳ್ಳುತ್ತಿತ್ತು. ಅದರ ಪಕ್ಕದ ಗೋಡೆಗೆ ಒರಗಿ, ಬೀಸಿದ ಹಿಟ್ಟಿನ ಬುಟ್ಟಿಯನ್ನು ಮಗ್ಗುಲಲ್ಲಿಟ್ಟುಕೊಂಡು, ತಾಯಿ ನಿದ್ದೆ ಹೋಗಿದ್ದಳು. ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ.